ಚಂಚಿಯೊಳಗಿನ ಅಡಕೊತ್ತು

ಜೇಬಿಗೆ ಮಡಚುವ ಚಾಕು ಈಗ ಸೆರಾಮಿಕ್‌ನಲ್ಲೂ ಸಿಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಿರಿಯರಿಗೆ ಕೀಲಿನ ಅಲಗು ಹೊಸದಲ್ಲ. ಎಲೆ, ಅಡಕಿ, ಸುಣ್ಣದ ಡಬ್ಬಿ, ತಂಬಾಕಿನ ಜೊತೆ ಅವರ ಚಂಚಿಯಲ್ಲಿ ಅಡಕೊತ್ತಿಗೂ ಜಾಗವಿತ್ತು.

ಎರಡು ತೋಳು, ನಡುವೆ ಕೀಲು, ಮೇಲಿನ ತೋಳಿಗೆ ಅಲಗು. ಕೀಲು ಸಡಿಲವಾದರೆ ಅಲಗು ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದ್ದು ಕೀಲನ್ನೇ. ಅಡಕಿಯ ಚೊಗರು ತಾಗಿದ ಕಬ್ಬಿಣ ಕಪ್ಪಾಗುತ್ತದೆ, ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಜಿರ್ಕೋನಿಯಾದಿಂದ ಮಾಡಿದ ಸೆರಾಮಿಕ್ ಅಲಗಿಗೆ ತುಕ್ಕಿನ ಭಯವಿಲ್ಲ, ಹರಿತವೂ ಬಹುದಿನ ಉಳಿಯುತ್ತದೆ. ಆದರೆ ಗಟ್ಟಿ ಅಡಕಿಯ ಮೇಲೆ ಒತ್ತಿದರೆ ಅಂಚು ಚಕ್ಕೆ ಏಳುತ್ತದೆ. ಹಣ್ಣಿಗೆ ಅದಾದೀತು, ಅಡಕಿಗೆ ಉಕ್ಕೇ ಬೇಕು.

ನಿಜವಾದ ಸ್ವಾರಸ್ಯವಿರುವುದು ಹೆಸರಿನಲ್ಲಿ. ಮರಾಠಿಯಲ್ಲಿ ಅಡಕಿಗೆ ‘ಸುಪಾರಿ’ ಎನ್ನುತ್ತಾರೆ, ಅದನ್ನು ಕತ್ತರಿಸುವ ಸಾಧನಕ್ಕೆ ಮಾತ್ರ ‘ಅಡಕಿತ್ತಾ’! ಕನ್ನಡದ ಅಡಕಿ ಅದರೊಳಗೆ ಹಾಗೇ ಕುಳಿತಿದೆ. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಬಗೆಬಗೆಯ ಅಡಕಿತ್ತಾಗಳಿವೆ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ನಿಪ್ಪಾಣಿ ಕರ್ನಾಟಕದಲ್ಲೇ ಉಳಿದಿದೆ. ಎಲೆ ಹಾಕುವವರು ಮಾತ್ರ ಎರಡೂ ಕಡೆ ಒಂದೇ ಸಾಧನಕ್ಕೆ ಒಂದೇ ಮೂಲದ ಹೆಸರು ಹೇಳುತ್ತ ಬಂದರು. ಈಗ ಕತ್ತರಿಸಿದ ಅಡಕಿಯೇ ಪೊಟ್ಟಣದಲ್ಲಿ ಸಿಗುವುದರಿಂದ ಅಡಕೊತ್ತನ್ನು ಕೇಳುವವರು ಕಡಿಮೆ.