ಹೆಸರಿಲ್ಲದ ವಾಯುಭಾರ ಕುಸಿತಗಳು: ದಾವಣಗೆರೆ–ಹರಿಹರ ಸೀಮೆಯ ಹಿಂಗಾರು ಮುನ್ಸೂಚನೆ ಮತ್ತು ನೆರೆಯ ಅಪಾಯ

ಎಲ್ ನಿನೋ ವರ್ಷಗಳಲ್ಲಿ ಮುಂಗಾರು ಸೊರಗುತ್ತದೆ, ಹಿಂಗಾರು ಚೇತರಿಸಿಕೊಳ್ಳುತ್ತದೆ ಎಂಬುದು ದಕ್ಷಿಣ ಭಾರತದ ಮಳೆಯ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಪಂಕಜ್ ಕುಮಾರ್, ರೂಪ ಕುಮಾರ್, ರಾಜೀವನ್ ಮತ್ತು ಸಹಾಯ್ 2007ರಲ್ಲಿ ಪ್ರಕಟಿಸಿದ ಲೇಖನ ಈ ನಂಟು ಈಚೆಗೆ ಬಲಗೊಂಡಿದೆ ಎಂದು ತೋರಿಸಿತು. ಹಿಂದೂ ಮಹಾಸಾಗರದ ದ್ವಿಧ್ರುವ ಧನಾತ್ಮಕವಾಗಿದ್ದರೆ ಹಿಂಗಾರಿಗೆ ಅನುಕೂಲವೆಂದು ಕೃಪಲಾನಿ ಮತ್ತು ಪಂಕಜ್ ಕುಮಾರ್ 2004ರಲ್ಲೇ ವಾದಿಸಿದ್ದರು. ಈ ಫಲಿತಗಳ ಬಗ್ಗೆ ನನಗೆ ತಕರಾರಿಲ್ಲ. ಇಡೀ ದಕ್ಷಿಣ ಪರ್ಯಾಯ ದ್ವೀಪಕ್ಕೆ ಹೊಂದುವ ಈ ತೀರ್ಮಾನವನ್ನು ತಂದು, ತುಂಗಭದ್ರೆಯ ದಡದ ಒಂದು ಜಿಲ್ಲೆಯ ನೆರೆಯ ಅಪಾಯವನ್ನು ಅದರಿಂದ ಅಳೆಯುವ ರೂಢಿಯನ್ನು ಮಾತ್ರ ಇಲ್ಲಿ ಪ್ರಶ್ನಿಸುತ್ತೇನೆ.

ಮೊದಲ ತೊಡಕು ಭೂಪಟದಲ್ಲೇ ಇದೆ. ಹವಾಮಾನ ಇಲಾಖೆಯ ಅಕ್ಟೋಬರ್–ಡಿಸೆಂಬರ್ ಮುನ್ನೋಟಕ್ಕೆ ಒಳಪಡುವ ಐದು ಉಪವಿಭಾಗಗಳು ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ ಮತ್ತು ದಕ್ಷಿಣ ಒಳನಾಡು ಕರ್ನಾಟಕ. ದಾವಣಗೆರೆ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರಿದ್ದು, ಹಾವೇರಿ ಉತ್ತರ ಒಳನಾಡಿಗೆ. ಹೀಗಾಗಿ ಹರಿಹರದ ಸೇತುವೆ ದಾಟಿ ಕುಮಾರಪಟ್ಟಣಕ್ಕೆ ಕಾಲಿಟ್ಟವನು ಮುನ್ನೋಟದಿಂದಲೇ ಹೊರಬೀಳುತ್ತಾನೆ. ಮೋಡಕ್ಕೆ ಈ ಗಡಿ ಗೊತ್ತಿಲ್ಲ. ತಮಿಳುನಾಡಿನ ಕರಾವಳಿಗೆ ಹಿಂಗಾರೇ ಮುಖ್ಯ ಮಳೆಗಾಲ. ದಾವಣಗೆರೆಗೆ ಅದು ವರ್ಷದ ಮಳೆಯ ಕಾಲುಭಾಗದ ಆಸುಪಾಸು, ಅದರಲ್ಲೂ ಹೆಚ್ಚಿನದು ಅಕ್ಟೋಬರಿನಲ್ಲೇ ಸುರಿದುಹೋಗುತ್ತದೆ. ಋತುವಿನ ಒಟ್ಟು ಮೊತ್ತವನ್ನು ನಾಲ್ಕಾರು ದಿನಗಳು ನಿರ್ಧರಿಸುವ ಕಡೆ ಸರಾಸರಿಯ ಭವಿಷ್ಯ ಹೇಳುವುದರಿಂದ ಆಗುವ ಪ್ರಯೋಜನ ಕಡಿಮೆ.

ವರ್ಷಗಳನ್ನೇ ಸಾಲಾಗಿ ಇಟ್ಟು ನೋಡಬಹುದು. 2015 ಪ್ರಬಲ ಎಲ್ ನಿನೋ ವರ್ಷ, ಚೆನ್ನೈ ಮುಳುಗಿದ ವರ್ಷ, ಸೂತ್ರ ಹೊಂದುತ್ತದೆ. 2016ರಲ್ಲಿ ದುರ್ಬಲ ಲಾ ನಿನಾ, ದ್ವಿಧ್ರುವ ಋಣಾತ್ಮಕ, ಹಿಂಗಾರು ಪೂರಾ ಕೈಕೊಟ್ಟಿತು, ಅದೂ ಹೊಂದುತ್ತದೆ. 2023ರಲ್ಲಿ ಎಲ್ ನಿನೋ ಮತ್ತು ಧನಾತ್ಮಕ ದ್ವಿಧ್ರುವ ಎರಡೂ ಕೂಡಿ ಬಂದಿದ್ದವು. ಡಿಸೆಂಬರಿನಲ್ಲಿ ತಮಿಳುನಾಡಿನ ತೆಂಕಣ ಜಿಲ್ಲೆಗಳು ಜಲಾವೃತವಾದವು. ಕರ್ನಾಟಕದಲ್ಲಾದರೋ ಹಿಂಗಾರೂ ಮುನಿಸಿಕೊಂಡಿತು, ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಇನ್ನು 2021 ಲಾ ನಿನಾ ವರ್ಷ. ಸೂತ್ರದ ಪ್ರಕಾರ ಹಿಂಗಾರು ಸಪ್ಪೆಯಾಗಬೇಕಿತ್ತು. ಆ ನವೆಂಬರಿನಲ್ಲಿ ರಾಜ್ಯದ ಒಳನಾಡು ಕಂಡಂಥ ಮಳೆಯನ್ನು ರೈತರು ಇನ್ನೂ ಮರೆತಿಲ್ಲ. ನಾಲ್ಕು ವರ್ಷಗಳಿಂದ ಸಿದ್ಧಾಂತ ಕಟ್ಟಲಾಗದು, ಒಪ್ಪುತ್ತೇನೆ. ಆದರೆ 2023ರಲ್ಲಿ ನಂಟು ಸಡಿಲವಾದದ್ದು ಕರಾವಳಿಯಿಂದ ಒಳನಾಡಿಗೆ ಬಂದಾಗಲೇ ಎಂಬುದು ಗಮನಿಸತಕ್ಕದ್ದು.

2021ರ ನವೆಂಬರಿನಲ್ಲಿ ಇನ್ನೊಂದು ವಿಶೇಷವಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. ದಕ್ಷಿಣವನ್ನು ತೋಯಿಸಿದ ಆ ತಿಂಗಳ ಮಳೆಗೆ ಹೆಸರುಳ್ಳ ಚಂಡಮಾರುತ ಕಾರಣವಾಗಿರಲಿಲ್ಲ. 11ರಂದು ಒಂದು, 19ರ ನಸುಕಿಗೆ ಮತ್ತೊಂದು ವಾಯುಭಾರ ಕುಸಿತ ಚೆನ್ನೈ ಸುತ್ತಿನ ಕರಾವಳಿ ದಾಟಿದವು; ಅರಬ್ಬಿ ಸಮುದ್ರದ ಕಡೆಯ ಕುಸಿತಗಳೂ ತೇವ ಎಳೆದು ತಂದವು. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಇಲಾಖೆ ಹೆಸರಿಡುತ್ತದೆ. 31ರಿಂದ 49ರವರೆಗಿನದು ಬರಿಯ ವಾಯುಭಾರ ಕುಸಿತ. ಅಂದರೆ ಈ ಶ್ರೇಣಿ ಗಾಳಿಯದು, ನೀರಿನದಲ್ಲ. ಮೀನುಗಾರರಿಗೆ ಅದೇ ಬೇಕಾದದ್ದು. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ದಾವಣಗೆರೆಗೆ ಬರುವ ಹೊತ್ತಿಗೆ ಯಾವ ಬಿರುಗಾಳಿಯೂ ಬಿರುಗಾಳಿಯಾಗಿ ಉಳಿದಿರುವುದಿಲ್ಲ. 2023ರ ಡಿಸೆಂಬರ್ 5ರಂದು ಬಾಪಟ್ಲದ ಬಳಿ ಅಪ್ಪಳಿಸಿದ ಮಿಚಾಂಗ್ ತೀವ್ರ ಚಂಡಮಾರುತ, ಸುದ್ದಿವಾಹಿನಿಗಳಲ್ಲಿ ಎಡೆಬಿಡದ ಅಬ್ಬರ; ಅದು ಉತ್ತರಕ್ಕೆ ಹೊರಳಿತು. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ನೆಲ ಮುಟ್ಟಿದ ಫೆಂಗಲ್ ಕರ್ನಾಟಕಕ್ಕೆ ಮಳೆ ತಂದದ್ದು ನಿಜ, ಆದರೆ ಸೊರಗಿದ ಮೇಲೆ, ಅರಬ್ಬಿ ಸಮುದ್ರದತ್ತ ತೆವಳುತ್ತ ಹೋಗುವಾಗ.

ಇಷ್ಟರಿಂದ ನಾನು ಹೊರಡಿಸುವ ಪ್ರತಿಪಾದನೆ ಇದು: ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಈ ಸೀಮೆಯ ಅಪಾಯವನ್ನು ನಿರ್ಧರಿಸುವುದು ಚಂಡಮಾರುತದ ದರ್ಜೆಯಲ್ಲ, ಹೊಳೆಯ ಮಟ್ಟವೂ ಅಷ್ಟಾಗಿ ಅಲ್ಲ, ನಿಧಾನವಾಗಿ ಚಲಿಸುವ ಕುಸಿತ ಬರುವ ದಿನ ಕೆರೆಗಳು ಎಷ್ಟು ತುಂಬಿವೆ, ಗದ್ದೆಯಲ್ಲಿ ಏನಿದೆ ಎಂಬುದು. ‘ಅಷ್ಟಾಗಿ’ ಎಂದು ಬರೆದದ್ದು ಬೇಕೆಂದೇ. ಹರಿಹರದ ಗಂಗಾನಗರಕ್ಕೋ ಉಕ್ಕಡಗಾತ್ರಿಗೋ ಹೊಳೆಯ ನೀರು ನುಗ್ಗುವುದು ಸಾಮಾನ್ಯವಾಗಿ ಜುಲೈ–ಆಗಸ್ಟಿನಲ್ಲಿ. 2019ರ ಆಗಸ್ಟಿನಲ್ಲಿ ಆದಂತೆ, ಅದು ಮಲೆನಾಡಿನ ನೀರು. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3.24 ಟಿಎಂಸಿ ಅಡಿ, ಅದು ತುಂಬುವುದಕ್ಕೂ ಹೊರಚೆಲ್ಲುವುದಕ್ಕೂ ಹೊತ್ತು ಬೇಕಿಲ್ಲ. 71.5 ಟಿಎಂಸಿ ಅಡಿಯ ಭದ್ರಾ ಮಾತ್ರ ತಡೆದು ನಿಲ್ಲಿಸಬಲ್ಲದು, ಅದೂ 186 ಅಡಿ ಮುಟ್ಟುವ ತನಕ. ಒಳ್ಳೆಯ ಮುಂಗಾರಿನ ವರ್ಷ ಅಕ್ಟೋಬರಿನಲ್ಲಿ ಅದು ತುಂಬಿಯೇ ಇರುತ್ತದೆ. ಆ ದಿನಗಳಲ್ಲಿ ಘಟ್ಟದ ಮೇಲೆ ಜಡಿಮಳೆ ಹಿಡಿದರೆ ನನ್ನ ಪ್ರತಿಪಾದನೆ ಬೀಳುತ್ತದೆ.

2009ರ ಅಕ್ಟೋಬರನ್ನು ಎತ್ತಿ ಆಕ್ಷೇಪಿಸುವವರಿದ್ದಾರೆ: ಬಂಗಾಳ ಕೊಲ್ಲಿಯ ಕುಸಿತದಿಂದಲೇ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ಮುಳುಗಲಿಲ್ಲವೇ? ಮುಳುಗಿದವು. ಆದರೆ ಆಗಿನ ಮಳೆಯ ತಿರುಳು ಬಿದ್ದದ್ದು ಉತ್ತರ ಕರ್ನಾಟಕ ಮತ್ತು ರಾಯಲಸೀಮೆಯ ಮೇಲೆ, ಹರಿಹರದಿಂದ ಬಹಳ ಕೆಳಗಿನ ಜಲಾನಯನದಲ್ಲಿ. ಆ ನೆರೆ ಹರಿಹರವನ್ನು ಹಾದು ಹೋದದ್ದಲ್ಲ. ಆದ್ದರಿಂದ ಈ ಸಾಕ್ಷ್ಯ ನನ್ನ ಪಕ್ಷಕ್ಕೇ ಸಲ್ಲುತ್ತದೆ.

ಹಾಗಿದ್ದರೆ ಹಿಂಗಾರಿನ ನೀರು ಎಲ್ಲಿ ಕಾಡುತ್ತದೆ? ಸೂಳೆಕೆರೆಯ ಕೋಡಿಯಿಂದ ಇಳಿಯುವ ಹರಿದ್ರಾ ಹಳ್ಳ ಹರಿಹರದಲ್ಲೇ ತುಂಗಭದ್ರೆಯನ್ನು ಕೂಡುತ್ತದೆ. ಈ ಊರಿಗೆ ಕೂಡಲೂರು ಎಂಬ ಹಳೆಯ ಹೆಸರಿದ್ದದ್ದು ಅದರಿಂದಲೇ. ಮುಂಗಾರಿನಲ್ಲಿ ಹೊಳೆಯನ್ನು ಕಾಯುವವರು ಹಿಂಗಾರಿನಲ್ಲಿ ಈ ಹಳ್ಳವನ್ನು ಕಾಯಬೇಕು. ಬಾತಿ ಕೆರೆಯಂಥವುಗಳ ಕೋಡಿ, ದಾವಣಗೆರೆ ನಗರದ ರಾಜಕಾಲುವೆಗಳು ಇದೇ ಲೆಕ್ಕಕ್ಕೆ ಸೇರುತ್ತವೆ.

ಗದ್ದೆಯ ಮಾತು ಬೇರೆ. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ತೆನೆ ಬಲಿತು ನಿಲ್ಲುವುದು ವಿಶಾಖ, ಅನುರಾಧ ಮಳೆಗಳ ಕಾಲಕ್ಕೆ. ಮೆಕ್ಕೆಜೋಳ ಕಣದಲ್ಲೋ ರಸ್ತೆಯ ಮೇಲೋ ಹರವಿರುತ್ತದೆ, ಚನ್ನಗಿರಿಯ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಅದೇ ಮಳೆ ಜುಲೈಯಲ್ಲಿ ಬಿದ್ದರೆ ಹರಸುವ ರೈತ ಆಗ ಶಪಿಸುತ್ತಾನೆ. ಮಲಗಿದ ಭತ್ತ ಮೂರು ದಿನ ನೀರಿನಲ್ಲಿದ್ದರೆ ತೆನೆಯಲ್ಲೇ ಮೊಳಕೆ. ಎರೆಹೊಲದಲ್ಲಿ ಕಡಲೆ, ಬಿಳಿಜೋಳ ಬಿತ್ತಿದವನಿಗೆ ಅದೇ ಮಳೆ ವರ. ಒಂದೇ ಜಿಲ್ಲೆಗೆ ಒಂದೇ ಹಳದಿ ಎಚ್ಚರಿಕೆ ಕೊಟ್ಟು ಕೈತೊಳೆದುಕೊಳ್ಳುವುದು ಸಾಲದೆನ್ನುವುದು ಇದಕ್ಕೇ. 64.5 ಮಿ.ಮೀ. ದಾಟಿದರೆ ಭಾರಿ ಮಳೆ ಎಂಬ ಅಳತೆಗೋಲಿನಲ್ಲಿ ತಿಂಗಳಿನ ಭೇದವಿಲ್ಲ, ನಷ್ಟದಲ್ಲಿ ಇದೆ.

ಬಗೆಹರಿಯದೆ ಉಳಿದದ್ದೂ ಉಂಟು. ಕೇಂದ್ರ ಜಲ ಆಯೋಗ ತುಂಗಭದ್ರೆಯನ್ನು ಅಳೆಯುವ ಹೊನ್ನಾಳಿ ಮತ್ತು ಹರಳಹಳ್ಳಿ ಠಾಣೆಗಳ ನಡುವೆ ಹರಿಹರವಿದೆ. ಅವೆರಡರ ವ್ಯತ್ಯಾಸದಿಂದ ಹರಿದ್ರೆಯ ಪಾಲನ್ನು ತೆಗೆಯಬಹುದೆನ್ನಿಸುತ್ತದೆ, ಆದರೆ ನಡುವೆ ಕುಮುದ್ವತಿಯೂ ಬಂದು ಸೇರುವುದರಿಂದ ಆ ಲೆಕ್ಕ ನೇರವಲ್ಲ. ಪೆಸಿಫಿಕ್‌ನ ಉಷ್ಣತೆ ಒಳನಾಡಿನ ಒಟ್ಟು ಮಳೆಯನ್ನಲ್ಲದಿದ್ದರೂ ಕುಸಿತಗಳ ಪಥವನ್ನಾದರೂ ತಿದ್ದುತ್ತದೆಯೇ ಎಂಬುದೂ ವಿಚಾರಾರ್ಹ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಆ ಅಂಕಿಗಳ ಪಕ್ಕದಲ್ಲಿ ಅದೇ ದಿನದ ಕೆರೆಮಟ್ಟವನ್ನೂ ಕೊಯ್ಲಿನ ಸ್ಥಿತಿಯನ್ನೂ ದಾಖಲಿಸುವ ಕೆಲಸವನ್ನು ಜಿಲ್ಲೆಯ ಸಂಶೋಧಕರು ಮುಂದಿನ ಅಕ್ಟೋಬರಿನೊಳಗೆ ಕೈಗೆತ್ತಿಕೊಳ್ಳಬೇಕು.