ಎಂಬತ್ತು ಹೆಸರುಗಳ ಪಟ್ಟಿ

ಆರನೇ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅಷ್ಟು ಮಂದಿಗೆ ಇಡೀ ಜಿಲ್ಲೆ ಕಾದು ಕೂರುತ್ತದೆ. ಮಂಡ್ಯ ಜಿಲ್ಲೆಯ ಶಿವಾರಗುಡ್ಡದ ಜವಾಹರ್ ನವೋದಯ ವಿದ್ಯಾಲಯದ ಚರಿತ್ರೆ ಇರುವುದು ಅದರ ದಾಖಲಾತಿ ಪುಸ್ತಕದಲ್ಲೇ.

ಜಿಲ್ಲೆಗೊಂದು ನವೋದಯ ಎಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಸಂಕಲ್ಪ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ 1985-86ರಲ್ಲೇ ಮೊದಲೆರಡು ಶಾಲೆಗಳು ತೆರೆದಿದ್ದವು. ಕಾಸಿದ್ದವರ ಮಕ್ಕಳಿಗೆ ಪಟ್ಟಣದಲ್ಲಿ ಸಿಗುವ ಓದು ಹಳ್ಳಿಯ ಜಾಣ ಮಗುವಿಗೂ ಪುಕ್ಕಟೆಯಾಗಿ ಸಿಗಬೇಕು, ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಸರ್ಕಾರದ್ದೇ ಆಗಬೇಕು ಎಂಬುದು ಅದರ ಆಶಯ.

ಸೀಟು ಹಂಚುವ ನಿಯಮದಲ್ಲಿ ಆ ಆಶಯ ನಿಚ್ಚಳವಾಗಿ ಕಾಣುತ್ತದೆ. ನೂರಕ್ಕೆ 75 ಸೀಟಾದರೂ ಗ್ರಾಮೀಣ ಮಕ್ಕಳಿಗೆ. ಅವರು ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆ ನೋಡಿಕೊಂಡು ಪಾಲು. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 83 ಮಂದಿ ಹಳ್ಳಿಗರು. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಮದ್ದೂರು, ಮಳವಳ್ಳಿಯ ಕಬ್ಬಿನ ಗದ್ದೆಯ ಮಗುವೂ ಮಳೆಯನ್ನೇ ನಂಬಿದ ನಾಗಮಂಗಲದ ರಾಗಿ ಹೊಲದ ಮಗುವೂ ಒಂದೇ ಪಂಕ್ತಿಯಲ್ಲಿ ತಟ್ಟೆ ಹಿಡಿದು ನಿಲ್ಲುವುದು ಹೀಗೆ.

ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಸೀಟು ಮೀಸಲು. 2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ನನಗೆ ಈ ನಿಯಮವೇ ನೆನಪಾಯಿತು. ಮಗಳನ್ನು ಹನ್ನೊಂದನೇ ವಯಸ್ಸಿಗೆ ಟ್ರಂಕು ಹೊರಿಸಿ ಹಾಸ್ಟೆಲಿಗೆ ಕಳಿಸಿದ ಅಪ್ಪ-ಅವ್ವಂದಿರು ಆ ಸುದ್ದಿಗೆ ಕೊಟ್ಟ ಉತ್ತರ ಬಲು ದೊಡ್ಡದು.

ಒಂಬತ್ತನೇ ತರಗತಿಗೆ ಬಂದಾಗ ಪಟ್ಟಿ ಇನ್ನೂ ಹಿಗ್ಗುತ್ತದೆ. ನೂರಕ್ಕೆ 30ರಷ್ಟು ಮಕ್ಕಳು ಒಂದು ವರ್ಷಕ್ಕೆ ಹಿಂದಿ ಸೀಮೆಯ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬಂದು ಕನ್ನಡ ಕಲಿಯುತ್ತಾರೆ. ಊರಿನ ಗಡಿ ದಾಟದ ಮಗು ದೇಶ ಕಾಣುವುದು ಆಗಲೇ.

ಆರನೇ ತರಗತಿಯ ಪ್ರವೇಶ ಪರೀಕ್ಷೆ ಬರೆಯಲು ಒಂದು ಮಗುವಿಗೆ ಒಂದೇ ಅವಕಾಶ. ಅರ್ಜಿಯ ಸುದ್ದಿ ತಲುಪದ ಮನೆಗೆ ಆ ಒಂದೂ ಇಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದೇ ವಿನಂತಿ: ನಾವು ಓದಿದ ಊರಿನ ಪ್ರಾಥಮಿಕ ಶಾಲೆಗೆ ವರ್ಷಕ್ಕೊಮ್ಮೆ ಹೋಗೋಣ, ಐದನೇ ತರಗತಿಯ ಮಕ್ಕಳ ಜೊತೆ ಕೂತು ಅರ್ಜಿ ತುಂಬಿಸೋಣ. ನಮಗೂ ಅಂದು ಯಾರೋ ಒಬ್ಬ ಮೇಷ್ಟ್ರು ಹಾಗೆ ತುಂಬಿಸಿಕೊಟ್ಟಿದ್ದರು.