ದತ್ತಕ ಪರಂಪರೆಯಲ್ಲಿ ಹೆತ್ತವರ ಸ್ಥಾನ

ಭಾರತೀಯ ಕುಟುಂಬ ವ್ಯವಸ್ಥೆಯಲ್ಲಿ ದತ್ತುಸ್ವೀಕಾರವು ಅತ್ಯಂತ ಪ್ರಾಚೀನವಾದ ಪದ್ಧತಿ. 'ದತ್ತ' ಎಂಬ ಶಬ್ದಕ್ಕೆ 'ಕೊಡಲ್ಪಟ್ಟವನು' ಎಂದು ಅರ್ಥ. ಶಬ್ದವೇ ಕೊಟ್ಟವರನ್ನು ನೆನಪಿಸುತ್ತಿದ್ದರೂ ದತ್ತಕದ ಮಾತು ಬಂದಾಗ ಎಲ್ಲರ ಗಮನ ಹರಿಯುವುದು ಮಗುವನ್ನು ಪಡೆದ ಮನೆಯ ಕಡೆಗೆ. ವಂಶ ಉಳಿಯಿತು, ಪಿತೃಕಾರ್ಯಕ್ಕೆ ಮಗ ದೊರೆತನು ಎಂಬ ಸಂತೋಷದಲ್ಲಿ, ಕೊಟ್ಟವರು ಯಾರು, ಮನಃಪೂರ್ವಕವಾಗಿ ಕೊಟ್ಟರೇ ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ದತ್ತಕದ ಇತಿಹಾಸವನ್ನು ಪರಿಶೀಲಿಸಿದರೆ ಅದರ ಶುದ್ಧಿ ನಿಂತಿರುವುದು ಈ ಪ್ರಶ್ನೆಗಳ ಮೇಲೆಯೇ ಎಂಬುದು ಮನದಟ್ಟಾಗುತ್ತದೆ.

ಶುನಃಶೇಪನ ಉಪಾಖ್ಯಾನ

ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಶುನಃಶೇಪನ ಉಪಾಖ್ಯಾನವಿದೆ. ರಾಜಾ ಹರಿಶ್ಚಂದ್ರನು ವರುಣನಿಗೆ ಸಲ್ಲಿಸಬೇಕಾಗಿದ್ದ ಬಲಿಗೆ ತನ್ನ ಬದಲು ಇನ್ನೊಬ್ಬನನ್ನು ಹುಡುಕುತ್ತ ರಾಜಪುತ್ರ ರೋಹಿತನು ಅರಣ್ಯದಲ್ಲಿ ಅಜೀಗರ್ತನೆಂಬ ಬಡ ಬ್ರಾಹ್ಮಣನನ್ನು ಕಾಣುತ್ತಾನೆ. ಹಸಿವಿನಿಂದ ಕಂಗೆಟ್ಟಿದ್ದ ಅವನಿಗೆ ಮೂವರು ಗಂಡುಮಕ್ಕಳು. ಹಿರಿಯನನ್ನು ಕೊಡಲು ತಂದೆ ಒಪ್ಪಲಿಲ್ಲ; ಕಿರಿಯನನ್ನು ಕೊಡಲು ತಾಯಿ ಒಪ್ಪಲಿಲ್ಲ. ನಡುವಿನವನಾದ ಶುನಃಶೇಪನು ನೂರು ಹಸುಗಳಿಗೆ ಮಾರಾಟವಾದನು. ಅವನನ್ನು ಯೂಪಕ್ಕೆ ಕಟ್ಟಲು ಇನ್ನೂ ನೂರು, ವಧಿಸಲು ಮತ್ತೂ ನೂರು ಹಸುಗಳನ್ನು ತಂದೆಯೇ ಪಡೆದನು. ದೇವತೆಗಳ ಸ್ತುತಿಯಿಂದ ಬಂಧಮುಕ್ತನಾದ ಬಾಲಕನನ್ನು ತಂದೆ ಮರಳಿ ಕರೆದಾಗ, ಅವನು ಹೋಗಲೊಪ್ಪದೆ ವಿಶ್ವಾಮಿತ್ರರ ಮಗನಾಗಿ ದೇವರಾತನೆಂಬ ಹೆಸರು ಪಡೆದನು. ಕೊಡುವುದಕ್ಕೂ ಮಾರುವುದಕ್ಕೂ ಇರುವ ಅಂತರವನ್ನು ವೇದವಾಙ್ಮಯವು ಅಷ್ಟು ಹಿಂದೆಯೇ ಗುರುತಿಸಿತ್ತು.

ಧರ್ಮಶಾಸ್ತ್ರದ ದೃಷ್ಟಿ

ಮನುಸ್ಮೃತಿಯು ತಾಯಿ ಅಥವಾ ತಂದೆ ಆಪತ್ಕಾಲದಲ್ಲಿ ಪ್ರೀತಿಪೂರ್ವಕವಾಗಿ, ನೀರೆರೆದು ಕೊಟ್ಟ ಮಗನನ್ನು ದತ್ತಕನೆಂದು ಕರೆಯುತ್ತದೆ. ಒಬ್ಬನೇ ಮಗನನ್ನು ಕೊಡಲೂ ಬಾರದು, ಪಡೆಯಲೂ ಬಾರದು ಎಂಬುದು ವಸಿಷ್ಠರ ಧರ್ಮಸೂತ್ರದ ನಿಯಮ. ದತ್ತನಾದವನು ಜನಕ ತಂದೆಯ ಗೋತ್ರವನ್ನೂ ಆಸ್ತಿಯನ್ನೂ ಬಿಟ್ಟು ಹೊಸ ಮನೆಯ ಗೋತ್ರಕ್ಕೆ ಸೇರುತ್ತಾನೆ. ಹೀಗೆ ಸಂಬಂಧವು ಪೂರ್ಣವಾಗಿ ಕಡಿಯದಿರಲೆಂದು 'ದ್ವ್ಯಾಮುಷ್ಯಾಯಣ' ಎಂಬ ಇನ್ನೊಂದು ವ್ಯವಸ್ಥೆಯೂ ಇತ್ತು. ಇದರಂತೆ ಮಗನು ಇಬ್ಬರಿಗೂ ಮಗನೆಂದು ಮೊದಲೇ ಒಪ್ಪಂದವಾಗಿ, ಎರಡು ಮನೆಗಳ ಶ್ರಾದ್ಧಾಧಿಕಾರವೂ ಅವನಿಗೆ ಉಳಿಯುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಇವು ನ್ಯಾಯಾಲಯದ ಮೆಟ್ಟಿಲೇರಿದವು. ಆಂಧ್ರದ ಬಲುಸು ಮನೆತನದ ಮೊಕದ್ದಮೆಯೊಂದರಲ್ಲಿ, 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಬ್ಬನೇ ಮಗನ ದತ್ತಕವೂ ಸಿಂಧುವೆಂದು ತೀರ್ಪಿತ್ತಿತು. ವಸಿಷ್ಠರ ಮಾತು ಹಿತವಚನವೆಂದು ಪರಿಗಣಿತವಾಯಿತೇ ಹೊರತು ಕಟ್ಟಳೆಯಾಗಿ ಉಳಿಯಲಿಲ್ಲ.

ಪಾಜಕದ ತಾಯಿ

ಸಂನ್ಯಾಸವು ದತ್ತಕವಲ್ಲ. ಆದರೂ ಹೆತ್ತವರ ಪಾಲಿಗೆ ಅದೂ ಒಂದು ಕೊಡುಗೆಯೇ. ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ಈ ಪ್ರಸಂಗವನ್ನು ಮರೆಮಾಚದೆ ನಿರೂಪಿಸಿದೆ. ಪಾಜಕದ ಮಧ್ಯಗೇಹ ಭಟ್ಟ ದಂಪತಿಗಳು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ನಂತರ, ಹನ್ನೆರಡು ವರ್ಷ ಅನಂತೇಶ್ವರನನ್ನು ಸೇವಿಸಿ ಪಡೆದ ಮಗ ವಾಸುದೇವ. ಆ ಏಕಮಾತ್ರ ಪುತ್ರನು ಸಂನ್ಯಾಸಕ್ಕೆ ಹೊರಟಾಗ ವೃದ್ಧಾಪ್ಯದಲ್ಲಿ ತಮಗೆ ಆಸರೆ ಯಾರು ಎಂಬುದು ತಂದೆಯ ಪ್ರಶ್ನೆಯಾಗಿತ್ತು. ತಮ್ಮನೊಬ್ಬನು ಹುಟ್ಟುವವರೆಗೆ ವಾಸುದೇವನು ತಡೆದನು. ಆ ಬಳಿಕವೂ ತಾಯಿಯ ಒಪ್ಪಿಗೆ ಸುಲಭವಾಗಿರಲಿಲ್ಲ. ಒಪ್ಪದಿದ್ದರೆ ಮಗನನ್ನು ಮತ್ತೆಂದೂ ಕಾಣಲಾಗದು ಎಂದು ಅರಿತ ಮೇಲೆಯೇ ಆಕೆ ಸಮ್ಮತಿಸಿದಳು. ಆ ತಮ್ಮನೂ ಮುಂದೆ ವಿಷ್ಣುತೀರ್ಥರಾದರು. ಆದರೆ ಅದು ತಂದೆತಾಯಿಗಳು ತೀರಿಕೊಂಡ ನಂತರ.

ಕುಂಭಾಸಿಯ ಸಮೀಪದ ಹೂವಿನಕೆರೆಯಲ್ಲಿಯೂ ಇಂಥದೇ ಕಥೆ ಪ್ರಚಲಿತವಾಗಿದೆ. ಮನೆಯೊಳಗೆ ಹುಟ್ಟಿದರೆ ಮಗು ನಿಮ್ಮದು, ಹೊರಗೆ ಹುಟ್ಟಿದರೆ ಮಠದ್ದು ಎಂದು ವಾಗೀಶತೀರ್ಥರು ಹೇಳಿದ್ದರೆಂದೂ, ಮಗು ಗದ್ದೆಯಲ್ಲಿ ಜನಿಸಿತೆಂದೂ ಸಂಪ್ರದಾಯ ಹೇಳುತ್ತದೆ. ಆ ಮಗುವೇ ಶ್ರೀ ವಾದಿರಾಜತೀರ್ಥರು. ಮಹಾಪುರುಷರ ಚರಿತ್ರೆಗಳನ್ನು ಓದುವಾಗ ಕೊಟ್ಟ ಮನೆಯವರ ತ್ಯಾಗವನ್ನೂ ಸ್ಮರಿಸುವುದು ಉಚಿತ.

ಮೈಸೂರಿನ ದತ್ತಕ

ಅರಸುಮನೆತನಗಳಲ್ಲಿ ದತ್ತಕವು ರಾಜ್ಯದ ಅಳಿವು ಉಳಿವಿನ ವಿಷಯವಾಗಿತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರ್ಕಾರ ಮಾನ್ಯ ಮಾಡದಿದ್ದುದೇ ರಾಣಿ ಚೆನ್ನಮ್ಮನ ಹೋರಾಟಕ್ಕೆ ಮುಖ್ಯ ಕಾರಣವಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರ ಜೂನ್‌ನಲ್ಲಿ, ಬೆಟ್ಟದಕೋಟೆ ಮನೆತನದ ಎರಡು ವರ್ಷದ ಬಾಲಕನನ್ನು ದತ್ತು ಸ್ವೀಕರಿಸಿದರು. ಬ್ರಿಟಿಷರ ಮನ್ನಣೆ ದೊರೆತದ್ದು 1867ರಲ್ಲಿ. ಆ ಬಾಲಕನೇ ಮುಂದೆ ಚಾಮರಾಜೇಂದ್ರ ಒಡೆಯರಾಗಿ, 1881ರಲ್ಲಿ ರಾಜ್ಯವನ್ನು ಮರಳಿ ಪಡೆದರು. ಈ ದತ್ತಕದ ಸುತ್ತಲಿನ ರಾಜಕೀಯ ಪತ್ರವ್ಯವಹಾರವನ್ನು ಇತಿಹಾಸಗ್ರಂಥಗಳು ವಿಸ್ತಾರವಾಗಿ ಬಣ್ಣಿಸುತ್ತವೆ. ಎರಡು ವರ್ಷದ ಕೂಸನ್ನು ಅರಮನೆಗೆ ಒಪ್ಪಿಸಿದ ತಾಯಿಗೆ ದೊರೆಯುವ ಸ್ಥಳ ಅಲ್ಪ.

1956ರ ಕಾಯಿದೆ

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ಹೆಣ್ಣುಮಕ್ಕಳ ದತ್ತಕಕ್ಕೆ ಸ್ಪಷ್ಟ ಮಾನ್ಯತೆ ನೀಡಿತು. ದತ್ತಹೋಮವಿಲ್ಲದಿದ್ದರೂ ದತ್ತಕ ಸಿಂಧುವಾಗುತ್ತದೆ. ಆದರೆ ಕೊಡುವುದೂ ಪಡೆಯುವುದೂ ವಾಸ್ತವವಾಗಿ ನಡೆಯಲೇಬೇಕು. ಜನಕ ಕುಟುಂಬದ ಸಂಬಂಧಗಳು ದತ್ತಕದ ದಿನದಿಂದ ಕಡಿದುಹೋಗುತ್ತವೆ. ವಿವಾಹಕ್ಕೆ ನಿಷಿದ್ಧರಾದವರು ಮಾತ್ರ ಮೊದಲಿನಂತೆಯೇ ನಿಷಿದ್ಧರು. ಮಗುವನ್ನು ಕೊಡಲು ತಂದೆಗೆ ತಾಯಿಯ ಸಮ್ಮತಿ ಬೇಕೆಂದು ಆಗಲೇ ವಿಧಿಸಲಾಯಿತು. 2010ರ ತಿದ್ದುಪಡಿಯಿಂದ ಕೊಡುವ ಹಕ್ಕು ತಂದೆತಾಯಿಗಳಿಬ್ಬರಿಗೂ ಸಮಾನವಾಯಿತು.

ಹೈದರಾಬಾದಿನಲ್ಲಿ ನಡೆದದ್ದು

ಬಂಧುಗಳ ನಡುವಣ ದತ್ತಕಕ್ಕೆ ಇಷ್ಟು ಸಾಕಾಗಿತ್ತು. ಅಪರಿಚಿತರಿಗೆ, ಅದರಲ್ಲೂ ವಿದೇಶೀಯರಿಗೆ, ಮಕ್ಕಳನ್ನು ಒಪ್ಪಿಸತೊಡಗಿದಾಗ ಹೊಸ ಅಪಾಯಗಳು ತಲೆದೋರಿದವು. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆತ್ತವರಿಗೆ ಆಮಿಷ ಒಡ್ಡಬಾರದು, ಮಗು ಹುಟ್ಟುವ ಮೊದಲೇ ಒಪ್ಪಿಗೆ ಪಡೆಯಬಾರದು ಎಂದು ಎಚ್ಚರಿಸಿತ್ತು. ಆದರೂ 1999 ಮತ್ತು 2001ರಲ್ಲಿ ಹೈದರಾಬಾದಿನಲ್ಲಿ ಕಂಡದ್ದು ಮನಕಲಕುವಂಥದು. ತೆಲಂಗಾಣದ ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣುಶಿಶುಗಳನ್ನು ದಳ್ಳಾಳಿಗಳು ಅಲ್ಪ ಹಣಕ್ಕೆ ಕೊಂಡು, ಕೆಲವು ದತ್ತಕಗೃಹಗಳಿಗೆ ಒಪ್ಪಿಸುತ್ತಿದ್ದರು. ಅಲ್ಲಿಂದ ಮಕ್ಕಳು ದೊಡ್ಡ ಮೊತ್ತಕ್ಕೆ ಪರದೇಶಗಳಿಗೆ ಹೋಗುತ್ತಿದ್ದವು. ಅಜೀಗರ್ತನ ಹಸಿವೂ ಕೊಳ್ಳುವವರ ಅವಸರವೂ ಇಲ್ಲಿ ಮತ್ತೊಮ್ಮೆ ಸೇರಿದ್ದವು. ಅಂದಿನ ಆಂಧ್ರಪ್ರದೇಶ ಸರ್ಕಾರವು 2001ರಲ್ಲಿ, ಹೆತ್ತವರೇ ಬಿಟ್ಟುಕೊಟ್ಟರೆಂಬ ಪತ್ರದ ಆಧಾರದ ಮೇಲೆ ನಡೆಯುತ್ತಿದ್ದ ದತ್ತಕವನ್ನು ನಿಷೇಧಿಸಿತು.

2003ರಲ್ಲಿ ಭಾರತವು ಅಂತರದೇಶೀಯ ದತ್ತಕದ ಹೇಗ್ ಒಪ್ಪಂದವನ್ನು ಅಂಗೀಕರಿಸಿತು. 2015ರ ಬಾಲನ್ಯಾಯ ಕಾಯಿದೆಯಂತೆ ಮಗುವನ್ನು ಬಿಟ್ಟುಕೊಡುವ ತಂದೆತಾಯಿಗಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಗೆ ಪತ್ರ ಬರೆದುಕೊಡಬೇಕು. ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿದೆ. ಹದಿನೆಂಟು ತುಂಬಿದ ದತ್ತಕರು ತಮ್ಮ ಮೂಲವನ್ನು ಅರಸಲು ಅರ್ಜಿ ಸಲ್ಲಿಸಬಹುದು. ಹೆತ್ತವರು ಗೋಪ್ಯತೆ ಬಯಸಿದ್ದರೆ ಅವರ ಸಮ್ಮತಿಯನ್ನು ಕೇಳಬೇಕಾಗುತ್ತದೆ.

2008ರ ಮಾರ್ಚ್‌ನಲ್ಲಿ ಶಂಶಾಬಾದಿನ ವಿಮಾನ ನಿಲ್ದಾಣ ಆರಂಭವಾದ ಬಳಿಕ ತೆಲಂಗಾಣಕ್ಕೆ ಪರದೇಶದಿಂದ ಬರುವವರಿಗೆ ಅದೇ ಹೆಬ್ಬಾಗಿಲಾಗಿದೆ. ಬೇಗಂಪೇಟೆಯಿಂದ ಕೂಸಾಗಿ ಹಾರಿಹೋದವರು ಪ್ರೌಢರಾಗಿ ಹೆತ್ತವಳನ್ನು ಅರಸಿ ಮರಳಿದರೆ ಇಳಿಯಬೇಕಾದುದು ಇಲ್ಲಿಯೇ. ದಾಖಲೆಯೇ ಸುಳ್ಳಾಗಿದ್ದರೆ ಅವರು ಯಾವ ಊರಿನ ದಾರಿ ಹಿಡಿಯಬೇಕು? ಮೋಸದ ನಿಜವಾದ ಹಾನಿ ಅಡಗಿರುವುದು ಇಲ್ಲಿ.

ಇಬ್ಬರು ತಾಯಂದಿರು

ಹೆತ್ತ ತಾಯಿಯನ್ನು ಸ್ಮರಿಸಿದರೆ ಸಾಕಿದ ತಾಯಿಗೆ ಕೊರತೆಯಾದೀತೆಂಬ ಅಳುಕು ಅನೇಕ ಮನೆಗಳಲ್ಲಿದೆ. ಶ್ರೀಮದ್ಭಾಗವತದ ದಶಮಸ್ಕಂಧವು ಇದಕ್ಕೆ ಸುಂದರವಾದ ಸಮಾಧಾನವನ್ನು ನೀಡುತ್ತದೆ. ಸೂರ್ಯಗ್ರಹಣದ ಪರ್ವಕಾಲದಲ್ಲಿ ಕುರುಕ್ಷೇತ್ರಕ್ಕೆ ಯಾದವರೂ ವ್ರಜವಾಸಿಗಳೂ ಬಂದು ಸೇರುತ್ತಾರೆ. ಅಲ್ಲಿ ದೇವಕಿಯೂ ರೋಹಿಣಿಯೂ ಯಶೋದೆಯನ್ನು ಆಲಿಂಗಿಸಿ, ತಮ್ಮ ಮಕ್ಕಳನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡಿದವಳೆಂದು ಕೃತಜ್ಞತೆ ಸಲ್ಲಿಸುತ್ತಾರೆ. ಕೊಟ್ಟವರನ್ನು ಪಡೆದವರು ಮರೆಯದೆ, ಪಡೆದವರನ್ನು ಕೊಟ್ಟವರು ಹರಸುವಂತಾದಾಗ ಮಗುವಿಗೆ ಎರಡು ಮನೆಗಳ ಆಶೀರ್ವಾದವೂ ದೊರೆಯುತ್ತದೆ. ದತ್ತಕವು ಸಾರ್ಥಕವಾಗುವುದು ಆಗಲೇ.